ಹತ್ತು ನಿಮಿಷ ನಿಂತ ಗಾಡಿ

ಮುಂಜಾನೆ ಏನೂ ಇಲ್ಲ, ಎನ್ನುತ್ತಾನೆ ಖಲ್ಫಾನ್.
ಸುಬಹ್‌ಗೆ ಹೊರಟರೆ ಒಂದೇ ಕೀಲಿಗೆ ಎದ್ದು
ಹೊಲಿಗೆ ಮಿಷನ್ನಿನ ಹಾಗೆ ಸಣ್ಣಗೆ ಓಡುತ್ತದೆ.
ರೂವಿಯಿಂದ ಸೀಬ್‌ವರೆಗೆ ಎಸಿ ಹಾಕಿ
ನಾಲ್ಕು ಜನ ಕೂತರೂ ಏನೂ ಇಲ್ಲ.
ಅಸರ್‌ಗೆ ಮಸೀದಿ ಎದುರು ನಿಲ್ಲಿಸಿ,
ಕೈಕಾಲು ತೊಳೆದು, ನಮಾಜು ಮುಗಿಸಿ,
ಚಪ್ಪಲಿ ಹುಡುಕಿಕೊಂಡು ಬಂದು ಕೀಲಿ ತಿರುಗಿಸಿದರೆ
ಆಗ.

ಎರಡೂ ಕೈ ಮುಂದೆ ಚಾಚಿ
ಚಳಿಜ್ವರದವನಂತೆ ನಡುಗಿಸಿ ತೋರಿಸುತ್ತಾನೆ.
ಅರ್ಧ ನಿಮಿಷ, ಆಮೇಲೆ ಸರಿ.
ಸರಿಯಾದ ಮೇಲೆ ಯಾರಿಗೆ ತೋರಿಸಲಿ?

ಸೀಟಿನಡಿಯಿಂದ ಬಿಲ್ಲುಗಳ ಕಂತೆ ತೆಗೆಯುತ್ತಾನೆ.
ಪ್ಲಗ್ಗು ಬದಲಾಗಿದೆ, ನಾಲ್ಕೂ. ಕಾಯಿಲು ಬದಲಾಗಿದೆ.
ಬಿಸಿ ಅಳೆಯುವ ಸೆನ್ಸರು, ಅದು ಎರಡು ಸಲ.
ಎಪ್ಪತ್ತೊಂದು ರಿಯಾಲು, ಐನೂರು ಬೈಸಾ.
ಕಂಪ್ಯೂಟರು ಚುಚ್ಚಿ ನೋಡಿದವರಿಗೆ
ಗಾಡಿ ತುಟಿ ಬಿಚ್ಚಲಿಲ್ಲವಂತೆ.

ಗಂಗೊಳ್ಳಿ ಧಕ್ಕೆಯಲ್ಲಿ ಬಸ್ತ್ಯಾಂವ ಮೇಸ್ತ್ರಿ
ದೋಣಿಯ ಇಂಜಿನ್ನಿಗೆ ಸ್ಕ್ರೂಡ್ರೈವರಿನ ತುದಿ ಒತ್ತಿ
ಹಿಡಿಗೆ ಕಿವಿಯಿಟ್ಟು ಹೇಳುತ್ತಿದ್ದ:
ರೋಗ ಬಪ್ಪತಿಗೆ ನೀ ಅಲ್ಲಿರ್ಕ್ ಕಾಣ್.
ಮದ್ದ್ ಎಲ್ಲರ್ ಹತ್ರೂ ಇತ್ತ್.

ಹಾಗಾಗಿ ಕಾಯುತ್ತೇವೆ.
ವಾದಿ ಕಬೀರಿನ ಈ ಶೆಡ್ಡಿನಲ್ಲಿ
ತಗಡು ಕಾದು ಸಿಡಿಯುವ ನಾಲ್ಕು ಗಂಟೆಗೆ,
ಕರಿಗುಡ್ಡದ ಬುಡದ ತನಕ ಗಾಡಿ ಓಡಿಸಿ ತಂದು, ಆರಿಸಿ,
ಪೆಟ್ರೋಲ್ ಪೈಪಿಗೆ ಗೇಜು ಕಟ್ಟಿ ಕೂತಿದ್ದೇವೆ.
ಮುಳ್ಳು ನಲವತ್ತನಾಲ್ಕರ ಮೇಲೆ.
ಶಫೀಕುಲ್ ಮೂರು ಸುಲೈಮಾನಿ ತರುತ್ತಾನೆ.

ಊರಿಗೆ ಫೋನು ಮಾಡಿದೆಯಾ, ಖಲ್ಫಾನನ ಪ್ರಶ್ನೆ.
ದಿನಾ, ಎನ್ನುತ್ತೇನೆ.
ಪೂರ್ತಿ ಹೇಳುವುದಿಲ್ಲ.
ಎರಡು ವರ್ಷ ಕಳೆದು, ತಣ್ಣಗಾಗಿ, ಬಾಗಿಲಲ್ಲಿ ನಿಂತಾಗ
ಮಾತು ಒಂದೇ ಕೀಲಿಗೆ ಹತ್ತಿಕೊಳ್ಳುತ್ತದೆ.
ನಿನ್ನೆ ಮಾತಾಡಿ ಇವತ್ತು ಮತ್ತೆ ಕರೆದರೇ ತೊಡಕು.
ಊಟ ಆಯ್ತಾ.
ಆಯ್ತ್.
ಎಂತ ಪದಾರ್ಥ.
ಬಂಗುಡೆ.
ಹ್ಞಾ.
ಮಗಳು ಸೌಪರ್ಣಿಕ ಹಿಂದಿನಿಂದ ಏನೋ ಕೂಗಿ
ಅವಳು ನಕ್ಕ ಮೇಲೆ ಸಲೀಸು.

ಮುಳ್ಳು ಮೂವತ್ತೊಂದು.
ಯಾರೂ ಮುಟ್ಟಿಲ್ಲ. ಇಂಜಿನ್ನಿನ ಕಾವು ಮಾತ್ರ
ಬಾನೆಟ್ಟಿನಿಂದ ಎದ್ದು ಗೋಡೆಯ ಕ್ಯಾಲೆಂಡರನ್ನು ಅಲುಗಿಸುತ್ತಿದೆ.
ಟ್ಯಾಂಕಿನ ಕಡೆಯ ಪೈಪನ್ನು ಇಕ್ಕಳದಲ್ಲಿ ಅಮುಕುತ್ತೇನೆ.
ಪಂಪು ಹಿಂದಕ್ಕೆ ಬಿಟ್ಟುಕೊಡುತ್ತಿದ್ದರೆ ಈಗ ನಿಲ್ಲಬೇಕು.
ನಿಲ್ಲಲಿಲ್ಲ.
ಇಪ್ಪತ್ತಾರು, ಇಪ್ಪತ್ತು.
ಹಾಗಾದರೆ ಇಲ್ಲೇ, ನಮ್ಮ ಮೂಗಿನ ಕೆಳಗೇ.

ಪ್ಲಗ್ಗು ಬಿಚ್ಚುತ್ತೇನೆ. ಒಂದನೆಯದು ಒಣ, ಎರಡನೆಯದು ಒಣ.
ಮೂರನೆಯದು ಒದ್ದೆ, ಮಸಿ,
ಮೂಗಿಗೆ ಹಿಡಿದರೆ ಹಸಿ ಪೆಟ್ರೋಲು.
ಇಂಜೆಕ್ಟರುಗಳ ಸಾಲನ್ನು ಎತ್ತಿ
ಬಾಯಿಗಳ ಕೆಳಗೆ ಒಂದು ಬಿಲ್ಲು ಹರಡಿದೆ.
ಪಂಪು ಒಮ್ಮೆ ಗುಂಯ್ಗುಟ್ಟಿ ಸುಮ್ಮನಾಯಿತು.
ಕಾದೆವು.
ಸೆನ್ಸರಿನ ದುಡ್ಡು ಬರೆದ ಜಾಗದ ಮೇಲೇ
ಒಂದು ಹನಿ ಬಿದ್ದು, ಅಗಲವಾಗಿ, ಶಾಯಿ ಕದಡಿತು.

ಖಲ್ಫಾನ್ ಬಗ್ಗಿ ನೋಡಿದ. ಇಷ್ಟೇನಾ?
ಇಷ್ಟೇ. ಓಡುವಾಗ ಕುಡಿದುಬಿಡುತ್ತದೆ, ಗೊತ್ತಾಗುವುದಿಲ್ಲ.
ರಾತ್ರಿಯೆಲ್ಲ ನಿಂತರೆ ಆವಿಯಾಗಿ ಹೋಗುತ್ತದೆ.
ಹತ್ತು ನಿಮಿಷಕ್ಕೆ ಮಾತ್ರ
ಅಲ್ಲೇ ಕೂತಿರುತ್ತದೆ, ಉಸಿರು ಕಟ್ಟಿಸಿಕೊಂಡು.

ಹೊಸದು ಹಾಕಿದ್ದಾಯಿತು, ಮಗ್ರಿಬ್ ಆಯಿತು.
ಹಳೆಯದನ್ನು ಕೇಳಿ ತೆಗೆದುಕೊಂಡ,
ಹಿಂದಿನ ಗ್ಯಾರೇಜಿನವನ ಮುಖಕ್ಕೆ ಹಿಡಿಯುತ್ತಾನಂತೆ.
ಬಿಳಿ ದಿಶ್ದಾಶಾದ ಜೇಬಿನಲ್ಲಿ ಆಗಲೇ ಒಂದು ಕಲೆ.
ನಮಾಜು ಮುಗಿಸಿ ಬಂದು ಕೀಲಿ ತಿರುಗಿಸಿದ.
ಗಾಡಿ ಹತ್ತಿತು, ಏನೂ ಆಗಲಿಲ್ಲ.

ಆದರೂ ಹೊರಡಲಿಲ್ಲ.
ಸ್ಟೀರಿಂಗಿನ ಮೇಲೆ ಎರಡೂ ಅಂಗೈ ಊರಿ
ಅರ್ಧ ನಿಮಿಷ ಕೂತೇ ಇದ್ದ.
ನಾನೂ ಬಾನೆಟ್ಟಿನಿಂದ ಕೈ ತೆಗೆದಿರಲಿಲ್ಲ.