ನಲವತ್ತೊಂದು ಜ್ವರ

ಮುಹರಕ್‌ನಲ್ಲಿ ವಿಮಾನದವರು ಮುಷ್ಕರ ಹೂಡುವಂತಿಲ್ಲ,
ಕಾನೂನು.
ಜ್ವರ ಬರಬಹುದು.

ರಾತ್ರಿ ಒಂದೂಕಾಲಿಗೆ ಮೊದಲ ಫೋನು
ಕ್ಯಾಪ್ಟನ್ ಮನ್ನಾಯಿಯದು. ಸುಳ್ಳಿಗಾದರೂ ಕೆಮ್ಮಲಿಲ್ಲ ಮಹಾನುಭಾವ.
"ಫ್ಲಾವಿಯಾ, ಮೈ ಸರಿಯಿಲ್ಲ, ಬರ್ಕೋ."
ಹಿಂದೆ ಟೀವಿಯಲ್ಲಿ ಫುಟ್‌ಬಾಲು, ಯಾರೋ ಗೋಲು ಹೊಡೆದ ಗದ್ದಲ.

ನಾನು ರೋಸ್ಟರಿನವಳು. ಹನ್ನೊಂದು ವರ್ಷದಿಂದ
ಮಲಗಿದವರನ್ನು ಎಬ್ಬಿಸಿ ಸಂಬಳ ತಿನ್ನುವವಳು.
ಯಾರು ಮೂರನೇ ರಿಂಗಿಗೆ ಏಳುತ್ತಾರೆ,
ಯಾರಿಗೆ ಬೈಯದೆ ಕಣ್ಣು ಬಿಡುವುದಿಲ್ಲ, ಬಲ್ಲೆ.
ಕುಲಶೇಖರದ ಇಗರ್ಜಿಯಲ್ಲಿ ಗಂಟೆ ಹೊಡೆಯುತ್ತಿದ್ದವನ ಮೊಮ್ಮಗಳು,
ಕೆಲಸ ವಂಶದ್ದೇ.

ಎರಡು ಗಂಟೆಗೆ ಹದಿನಾಲ್ಕು. ಮೂರಕ್ಕೆ ಇಪ್ಪತ್ತೊಂಬತ್ತು.
ಹೆಸರಿನ ಪಕ್ಕ 'ಎಸ್' ಒತ್ತುತ್ತ ಹೋದೆ,
ಪರದೆಯ ಹಸಿರು ಮನೆಗಳು ಒಂದೊಂದೇ ಹಳದಿ,
ಸಿಡುಬು ಎದ್ದ ಹಾಗೆ.
ನಲವತ್ತೊಂದು ಮಂದಿಗೆ ಒಂದೇ ಇರುಳು;
ಇಂಥ ಮಾರಿ ಯಾವ ಊರಿಗೂ ಬಂದದ್ದಿಲ್ಲ.

ಜ್ವರದ ಮೂಲ ಎಲ್ಲರಿಗೂ ಗೊತ್ತು:
ಹೋದ ತಿಂಗಳು ಬಂದಿಳಿದ ಆರು ಬಾಡಿಗೆ ವಿಮಾನ.
ಬಾಲಕ್ಕೆ ನಮ್ಮ ಬಣ್ಣ ಬಳಿದಿಲ್ಲ. ಬರೀ ಬಿಳಿ,
ಕಫನ್ನಿನ ಬಿಳಿ ಎನ್ನುತ್ತಾನೆ ಲೋಡರ್ ಶಬೀರ್.
ವಿಮಾನದ ಜೊತೆಗೇ ಪೈಲಟ್ಟೂ ಬಾಡಿಗೆ,
ಶಾಮಿಯಾನದ ಜೊತೆ ಕುರ್ಚಿ ಬಂದ ಹಾಗೆ.
ಲಿಥುವೇನಿಯಾದವರಂತೆ. ಪಾಪದ ಹುಡುಗರು.
ಕ್ಯಾಂಟೀನಿನ ಮೂಲೆ ಮೇಜಿನಲ್ಲಿ ಕೂತು
ಚಪಾತಿಯನ್ನು ಚಾಕುವಿನಿಂದ ಕತ್ತರಿಸುತ್ತಾರೆ;
ಕೇಳಿದರೂ ಯಾರೂ ಉಪ್ಪು ದಾಟಿಸುವುದಿಲ್ಲ.

ಆಡಳಿತದಿಂದ ಪತ್ರ ಬಂದಿತ್ತು:
"ನಾವೆಲ್ಲ ಒಂದೇ ಕುಟುಂಬ."
ಜೊತೆಗೆ ಆಳಿಗೊಂದು ಡಬ್ಬಿ ಹಲ್ವಾ.
ಹಲ್ವಾ ತಿಂದವರು
ಪತ್ರಕ್ಕೆ ಕೈ ಒರೆಸಿಕೊಂಡರು.

ನಾಲ್ಕಕ್ಕೆ ದೊಡ್ಡವರು ಬಂದರು, ಶರ್ಟಿನ ಗುಂಡಿ ತಪ್ಪಿಸಿ ಹಾಕಿಕೊಂಡು.
"ಮನೆಮನೆಗೂ ಡಾಕ್ಟರು ಹೋಗಲಿ, ಥರ್ಮಾಮೀಟರ್ ಇಡಲಿ!"
ಆಮೇಲೆ ನನ್ನ ಕಡೆ ತಿರುಗಿ: "ನೀನು ಯಾರ ಪಕ್ಷ?"

ನನ್ನ ಪಕ್ಷ?
ನನ್ನ ವೀಸಾದ ಮೇಲೆ ನಿಮ್ಮ ಮೊಹರು.
ಮುಂದಿನ ತಿಂಗಳಿಂದ ಈ ಪರದೆ ಸೆಬುವಿನ ಹುಡುಗಿಯೊಬ್ಬಳ ಪಾಲು,
ಅಲ್ಲಿ ಕೂತೇ ಎಬ್ಬಿಸುತ್ತಾಳಂತೆ ಇವರನ್ನು, ಮೂರರಲ್ಲೊಂದು ಸಂಬಳಕ್ಕೆ.
ದಿನಾ ಎರಡು ತಾಸು ನಾನೇ ಪಾಠ ಹೇಳುತ್ತೇನೆ:
ಮನ್ನಾಯಿಗೆ ಮನೆಯ ನಂಬರು, ಮೊಬೈಲು ಮುಟ್ಟುವುದಿಲ್ಲ.
ಬುಹಸ್ಸನ್‌ಗೆ ರಂಜಾನಿನಲ್ಲಿ ಮೆಲ್ಲಗೆ.
ಜಾಣೆ ಅವಳು, ಎರಡು ಸಲ ಹೇಳಿಸಿಕೊಳ್ಳುವುದಿಲ್ಲ.

ಇದನ್ನೆಲ್ಲ ಹೇಳಲಿಲ್ಲ. "ಚಹಾ ತರಿಸಲೇ ಸರ್?" ಅಂದೆ.

ಬಾಂಗಿನ ಹೊತ್ತಿಗೆ ವರದಿ ಬಂತು.
ನಲವತ್ತು ಮನೆಯಲ್ಲಿ ಪಾದರಸ ಏಳಲಿಲ್ಲ,
ಒಬ್ಬರಂತೂ ಡಾಕ್ಟರನ್ನೇ ತಿಂಡಿಗೆ ಕೂರಿಸಿಕೊಂಡರಂತೆ.
ಹಿದ್ದ್‌ನ ಒಂದು ಮನೆಯಲ್ಲಿ ಮಾತ್ರ ನೂರಾ ಮೂರು.

ಗಾನಿಂ ಜೌದರ್. ಭುಜಕ್ಕೆ ಪಟ್ಟಿ ಬಿದ್ದು ಎಂಟು ತಿಂಗಳು.
ಅವನೇ ಫೋನು ಮಾಡಿದ, ಹಲ್ಲು ಕಟಕಟ:
"ಫ್ಲಾವಿಯಾ, ನನ್ನದು ನಿಜವಾದದ್ದು.
ಡಾಕ್ಟರು ಚೀಟಿ ಬರೆದುಕೊಟ್ಟು ಹೋದರು, ಸಂಬಳ ಹಿಡಿಯೋದಿಲ್ಲವಂತೆ.
ಮಿಕ್ಕವರ ಮುಖ ಹೇಗೆ ನೋಡಲಿ?
ನನ್ನದನ್ನು ಜ್ವರ ಅಂತ ಬರೀಬೇಡ,
ಬೇರೆ ಏನಾದರೂ ಬರಿ."

ಕೋಡುಗಳ ಪಟ್ಟಿ ಬಿಚ್ಚಿ ನೋಡಿದೆ:
ರಜೆ, ಹಜ್, ಮದುವೆ, ಹೆರಿಗೆ, ಸಾವು;
ಸಾವಿನಲ್ಲೂ ಹತ್ತಿರದ್ದು, ದೂರದ್ದು.
ಅವನು ಕೇಳಿದ್ದಕ್ಕೆ ಅಕ್ಷರವಿಲ್ಲ.
ಕಿಟಕಿಯಾಚೆ ಬಿಳಿಯದೊಂದು ಯಾರನ್ನೋ ತುಂಬಿಕೊಂಡು ಎದ್ದಿತು,
ಸಮುದ್ರದ ಮೇಲೆ ವಾಲಿ ತಿರುಗಿತು, ಚೆನ್ನಾಗಿಯೇ ತಿರುಗಿತು.

"ಮಾತ್ರೆ ತಗೊಂಡೆಯಾ?" ಎಂದೆ.
ಅವನ ಮನೆ ಖಾಲಿ ಬಿಟ್ಟೆ.

ಮಧ್ಯಾಹ್ನದವರೆಗೂ ಅದು ಮಿಣುಕುತ್ತಲೇ ಇತ್ತು.
ಸೆಬುವಿನ ಹುಡುಗಿ ಪಾಠಕ್ಕೆ ಬಂದವಳು
ಹಳದಿಯ ನಡುವೆ ಬೆರಳಿಟ್ಟು, ಇದೇನು, ಖಾಲಿ? ಎಂದಳು.

ಇದನ್ನೂ ಬರ್ಕೋ, ಎಂದೆ.