ಮೂರೂ ಇಳಿದಾಗ

ಗೆರೆ ಕೊರೆದ ಗಾಜಿನ ಮೇಲೆ ಎಣಿಸುವವಳು ನಾನು.
ಇಪ್ಪತ್ತೊಂದು ವರ್ಷ, ಇಸ್ತಾಂಬುಲಿನ ಇದೇ ನೆಲಮಾಳಿಗೆ,
ಇದೇ ಕುಂಟು ಸ್ಟೂಲು. ಒಂದು ಕಣ್ಣು ಮುಚ್ಚಿ
ಹೆಬ್ಬೆರಳಲ್ಲಿ ಎಣಿಕೆಯ ಗುಂಡಿ ಒತ್ತುತ್ತ
ಊರಿನ ನೆತ್ತರನ್ನು ಚೌಕ ಚೌಕವಾಗಿ ದಾಟಿದ್ದೇನೆ.

ಕೆಂಪು ಇಳಿದರೆ ಮೆಟ್ಟಿಲ ಮಧ್ಯೆ ಕೂತುಬಿಡುವ ಕಾಲು.
ಬಿಳಿ ಇಳಿದರೆ ಗೀರಿಗೂ ಜ್ವರ.
ಪ್ಲೇಟ್‌ಲೆಟ್ ಇಳಿದರೆ ಬೆಳಿಗ್ಗೆ ದಿಂಬಿನ ಮೇಲೆ ವಸಡಿನ ಕಲೆ.
ಒಂದೊಂದೇ ಆದರೆ ಒಂದೊಂದು ಕತೆ.
ಮೂರೂ ಒಟ್ಟಿಗೆ ಇಳಿದಾಗ
ತೊರೆ ಬಿಟ್ಟು ಒರತೆಯ ಹತ್ತಿರ ಹೋಗಬೇಕು.

ದುರ್ಸುನ್ ಉಸ್ತಾ, ಗೆದಿಕ್‌ಪಾಷಾದ ಬೂಟಿನವನು.
ದುರ್ಸುನ್ ಅಂದರೆ ‘ನಿಲ್ಲಲಿ’ ಎಂದು;
ಮುಂಚಿನ ಮೂರು ಕೂಸು ನಿಲ್ಲದ್ದಕ್ಕೆ ತಾಯಿ ಇಟ್ಟ ಹೆಸರು.
ಸುಣ್ಣದ ಗೋಡೆಗೊರಗಿ ನಿಂತಿದ್ದ,
ಗೋಡೆಗೂ ಅವನಿಗೂ ಗಡಿ ಕಾಣದಷ್ಟು ಬಿಳಿಚಿ.

ಡಾಕ್ಟರ್ ಫಾಹಿರೆ ಕೇಳುತ್ತ ಹೋದರು.
ಕುಡಿತ? ಹಬ್ಬಕ್ಕೂ ಇಲ್ಲ.
ಮಾತ್ರೆ, ಸಂದುನೋವಿನದು, ಜ್ವರದ್ದು? ಇಲ್ಲ.
ಮಾಂಸ, ಮೊಟ್ಟೆ, ಸೊಪ್ಪು? ಹೆಂಡತಿ ಬಡಿಸಿದ್ದು ತಿನ್ನುತ್ತೇನೆ.
ಬಿ ಹನ್ನೆರಡರ ಕೊರತೆಯೇ ಇರಲಿ ಎಂದು
ನಾನು ಹರಕೆ ಹೊತ್ತಂತೆ ಹುಡುಕಿದೆ, ಊದಿದ ಕೆಂಪುಕಣಕ್ಕಾಗಿ.
ಅದಾಗಿದ್ದರೆ ನಾಲ್ಕು ಇಂಜೆಕ್ಷನ್ನಿಗೆ ಎದ್ದು ಓಡಾಡುತ್ತಿದ್ದ.
ಎಡ ಪಕ್ಕೆಯ ಕೆಳಗೆ ಅವರು ಬೆರಳೂರಿದರು:
ಗುಲ್ಮ ಉಬ್ಬಿದ್ದರೆ ಅದೇ ಹೊಟ್ಟೆಬಾಕ,
ಹುಟ್ಟಿದ್ದನ್ನೆಲ್ಲ ನುಂಗುತ್ತದೆ. ಬೆರಳಿಗೆ ಏನೂ ತಾಗಲಿಲ್ಲ.
ಕ್ಷಯವೇ? ಕಾಲಾ ಅಜಾರೇ? ಒಳಗೆ ಕ್ಯಾನ್ಸರ್ ಹೊಂಚಿದೆಯೇ?

ಕೊನೆಗೆ ಸೊಂಟದ ಮೂಳೆಗೆ ಸೂಜಿ.
ಬಂದ ಮಜ್ಜೆಯನ್ನು ಗಾಜಿನ ಮೇಲೆ ಎಳೆದೆ. ಬರೀ ಕೊಬ್ಬಿನ ಹನಿ.
ತೆನೆ ಬಡಿಯುವ ಕಣವಿತ್ತು, ಕಣವಿರಲಿಲ್ಲ,
ಯಾರೋ ಗುಡಿಸಿಟ್ಟಷ್ಟು ಚೊಕ್ಕಟ.

ಕೆಲಸದ ಕೋಣೆ ಹೇಗಿದೆ ಎಂದಾಗ ಉಸ್ತಾನ ಮುಖ ಅರಳಿತು.
ಹಳೆಯ ಅಂಟು ತಲೆ ಸಿಡಿಸುತ್ತಿತ್ತು, ಡಾಕ್ಟರ್.
ಹೊಸದು ಘಮ್ಮೆನ್ನುತ್ತದೆ, ಹಣ್ಣಂಗಡಿ ಹೊಕ್ಕಂತೆ.
ಚಳಿಗೆ ಕಿಟಕಿ ತೆಗೆಯುವುದಿಲ್ಲ.
ಡಬ್ಬಿ ಮುಚ್ಚಲು ಪುರಸೊತ್ತೆಲ್ಲಿ?
ರಾತ್ರಿ ಅಲ್ಲೇ, ಮೇಜಿನಡಿ ಮಲಗುತ್ತೇವೆ.

ಡಾಕ್ಟರರ ಪೆನ್ನು ನಿಂತಿತು.
ಮಲಗುತ್ತೇವೆ ಅಂದರೆ, ಯಾರು ಯಾರು?

ಮರುದಿನ ಬೆಕಿರ್ ಬಂದ. ಹದಿಮೂರು ವಯಸ್ಸು,
ಉಗುರಿನಂಚಿಗೆ ಒಣಗಿದ ಅಂಟು,
ಕೈಯಲ್ಲಿ ಉಸ್ತಾನಿಗೆಂದು ಕಾಗದದಲ್ಲಿ ಸುತ್ತಿದ ರೊಟ್ಟಿ.
ನನ್ನ ಬೂಟು ನೋಡಿ, ಅಟ್ಟೆ ಬಿಡ್ತಿದೆ ಅಕ್ಕ,
ಕೊಡಿ, ನಾಳೆ ಅಂಟಿಸಿ ತರ್ತೀನಿ ಅಂದ.
ಮೊದಲು ಬೆರಳು ಕೊಡು, ಅಂದೆ.
ಚುಚ್ಚಿದೆ. ಹೀರಿದೆ. ಹತ್ತಿ ಕೊಟ್ಟು,
ಎರಡು ನಿಮಿಷ ಒತ್ತಿ ಹಿಡಿ, ನಿಲ್ಲುತ್ತದೆ ಅಂದೆ.

ಎಣಿಸುತ್ತಿದ್ದೆ. ಒಂದು ಚೌಕ, ಪಕ್ಕದ್ದು, ಅದರ ಕೆಳಗಿನದು,
ಮತ್ತೆ ಮೊದಲಿನಿಂದ, ತಪ್ಪಿರಬೇಕು ಎಂದು.

ಗಡಿಯಾರದಲ್ಲಿ ಹನ್ನೊಂದು ನಿಮಿಷ.
ಅಕ್ಕ, ಬೇರೆ ಹತ್ತಿ ಇದೆಯಾ?
ಇದು ನೆನೆದುಹೋಯ್ತು.