ಮಂಜುಗಡ್ಡೆಯ ಮೇಲೊಂದು ನಾಣ್ಯ

ಪ್ಯಾಸ್ಕಗೂಲದಲ್ಲಿ ಆಗಸ್ಟ್ ಎಂದರೆ
ಬೆವರು ಒರೆಸಿದ ಬಟ್ಟೆಯೂ ಬೆವರುತ್ತದೆ.
ಉಪ್ಪಿನ ಡಬ್ಬಿಯಲ್ಲಿ ನಾಲ್ಕು ಕಾಳು ಅಕ್ಕಿ ಹಾಕಿಟ್ಟರೂ
ಉಪ್ಪು ಉದುರುವುದಿಲ್ಲ.
ಬೂಟಿನೊಳಗೆ ಬೂಷ್ಟು. ಬೈಬಲಿನ ಹಾಳೆ ಬೆರಳಿಗಂಟಿ
ಒಬ್ಬ ಪ್ರವಾದಿಯ ಬದಲು ಇಬ್ಬರು ಮಗುಚುತ್ತಾರೆ.

ಮೂವತ್ತೊಂದು ವರ್ಷ ಹಡಗುಕಟ್ಟೆಯಲ್ಲಿ ಬೆಸುಗೆ ಹಾಕಿದವನು ನಾನು,
ಕಬ್ಬಿಣದ ಹೊಟ್ಟೆಯೊಳಗೆ ಕೂತು ಕಿಡಿ ಕುಡಿದವನು.
ಸೆಖೆಗೆ ಹೆದರುವವನಲ್ಲ.
ಆದರೆ ಅಲ್ಲಿ ಸಂಜೆಗೆ ಸೈರನ್ ಆಗುತ್ತಿತ್ತು.
ಈ ಸೆಖೆಗೆ ಸೈರನ್ ಇಲ್ಲ.

ವರ್ಲೀನ್ ಇದ್ದಾಗ ಉಪಾಯಗಳಿದ್ದವು:
ಬೆಳಿಗ್ಗೆ ಆರಕ್ಕೇ ಪೂರ್ವದ ಪರದೆ ಎಳೆ,
ಒಲೆ ಹಚ್ಚುವುದಿದ್ದರೆ ಕೋಳಿಗಿಂತ ಮೊದಲು ಹಚ್ಚು,
ಮಧ್ಯಾಹ್ನ ಮಾತಾಡಬೇಡ, ಮಾತೂ ಬಿಸಿಯೇ.
ಒದ್ದೆ ಕರವಸ್ತ್ರ ಕತ್ತಿನ ಹಿಂದೆ ಇಟ್ಟುಕೊಂಡು
ವರಾಂಡದಲ್ಲಿ ಅಲಸಂದೆ ಸುಲಿಯುತ್ತ
ಕೊಲ್ಲಿಯ ಕಡೆ ನೋಡುತ್ತಿದ್ದಳು,
ಬರಲಿರುವ ನೆಂಟರ ಮೇಲೆ
ಅಷ್ಟೇನೂ ಪ್ರೀತಿಯಿಲ್ಲದವಳ ಹಾಗೆ.

ನೆಂಟರಿಗೆ ಹೆಸರೂ ಇರುತ್ತದೆ.
ಶಾಲೆಯ ಹಾಜರಿ ಪುಸ್ತಕದಂತೆ ಅಕ್ಷರದ ಸಾಲಿನಲ್ಲಿ
ಒಂದೊಂದಾಗಿ ಕರೆಯುತ್ತಾರೆ ಟಿವಿಯಲ್ಲಿ.
ಕೆಲವು ಗೈರು. ಕೆಲವು ಬೇರೆಯವರ ಮನೆಗೆ.
ಬೇರೆಯವರ ಮನೆಗೆ ಹೋಯಿತೆಂದು ಖುಷಿಪಟ್ಟಿದ್ದಕ್ಕೆ
ಆ ಭಾನುವಾರ ಚರ್ಚಿನಲ್ಲಿ
ಎಲ್ಲರೂ ಸ್ವಲ್ಪ ಜೋರಾಗಿಯೇ ಹಾಡುತ್ತೇವೆ.

ಈ ಸಲ ಬಂದವನ ಹೆಸರು ಹೇಳಲಾರೆ,
ಹೇಳಿದರೆ ತಿರುಗಿ ನೋಡುತ್ತಾನೇನೋ.
ಮಂಗಳವಾರ ಕಿಟಕಿಗಳಿಗೆ ಪ್ಲೈವುಡ್ ಹೊಡೆದೆ.
ಸ್ನಾನದ ತೊಟ್ಟಿ ತುಂಬಿಸಿದೆ.
ಹ್ಯಾಟಿಸ್‌ಬರ್ಗ್‌ನಿಂದ ಮಗಳು ಯೊಲಾಂಡ ನಾಲ್ಕು ಸಲ ಫೋನು:
"ಅಪ್ಪಾ, ಹೊರಟ್ರಾ?"
ಹೊರಡುವ ಮುಂಚೆ
ಫ್ರೀಜರಿನಲ್ಲಿ ನೀರು ಗಟ್ಟಿಯಾಗಿದ್ದ ಲೋಟದ ಮೇಲೆ
ಒಂದು ನಾಣ್ಯ ಇಟ್ಟೆ. ಅದೂ ವರ್ಲೀನಳ ಉಪಾಯವೇ:
ಮರಳಿ ಬಂದಾಗ ನಾಣ್ಯ ಮೇಲಿದ್ದರೆ ಕರೆಂಟು ಹೋಗಿಲ್ಲ, ತಿನ್ನು.
ತಳ ಸೇರಿದ್ದರೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ,
ಎಷ್ಟೇ ಚೆನ್ನಾಗಿ ಕಂಡರೂ ಎಸೆ.

ಲೋಟದ ಪಕ್ಕದಲ್ಲಿ ಡಬ್ಬಿ.
ಬೆಂಡೆಕಾಯಿ, ಸಿಗಡಿ, ಏಡಿ ಹಾಕಿದ ಗಂಬೋ.
ಮುಚ್ಚಳದ ಮೇಲೆ ಟೇಪು, ಟೇಪಿನ ಮೇಲೆ ಅವಳ ಅಕ್ಷರ:
'ಫೆಬ್ರವರಿ. ಉಪ್ಪು ಕಮ್ಮಿ. ಬಿಸಿ ಮಾಡುವಾಗ ನೋಡಿಕೋ.'
ಮಾರ್ಚ್‌ನಲ್ಲಿ ಅವಳು ಹೋದಳು.
ಅದು ಹೋದ ವರ್ಷದ ಮಾತು.
ಎರಡು ಬೇಸಿಗೆ ಆ ಡಬ್ಬಿಯನ್ನು
ಅತ್ತ ಸರಿಸಿ ಇತ್ತ ಸರಿಸಿ ಐಸ್‌ಕ್ರೀಮು ತೆಗೆದಿದ್ದೇನೆ.

ಆರನೆಯ ದಿನ ಬಂದೆ.
ಪೆಕಾನ್ ಮರ ಪಕ್ಕದವರ ಗ್ಯಾರೇಜಿನ ಮೇಲೆ ಮಲಗಿತ್ತು.
ಯಾರದೋ ದೋಣಿ ನಮ್ಮ ಅಂಚೆಪೆಟ್ಟಿಗೆಗೆ ಒರಗಿತ್ತು.
ಉಬ್ಬಿದ ಬಾಗಿಲು ಹೆಗಲು ಕೊಟ್ಟ ಮೇಲೇ ತೆರೆಯಿತು.
ಒಳಗೆ ಫ್ರಿಜ್ಜು, ಏನೂ ಆಗದವರ ಹಾಗೆ,
ಗುಂಯ್ ಎನ್ನುತ್ತಿತ್ತು.

ಲೋಟ ತೆಗೆದೆ.
ನಾಣ್ಯ ಮೇಲೂ ಇರಲಿಲ್ಲ, ತಳದಲ್ಲೂ ಇರಲಿಲ್ಲ.
ನಟ್ಟ ನಡುವೆ, ಓರೆಯಾಗಿ, ನಿಂತಿತ್ತು.

ಹೀಗಾದರೆ ಏನು ಮಾಡಬೇಕೆಂದು ಅವಳು ಹೇಳಿರಲಿಲ್ಲ.

"ಎಸೀರಿ ಅಪ್ಪಾ," ಎಂದಳು ಯೊಲಾಂಡ.
ನರ್ಸು ಅವಳು, ಸರಿಯಾಗಿಯೇ ಹೇಳುತ್ತಾಳೆ.
ಎಸೆಯುತ್ತೇನೆ ಎಂದೆ.

ಆಮೇಲೆ ಅಡುಗೆಮನೆ ಕಿಟಕಿಯ ಪ್ಲೈವುಡ್ ಕಿತ್ತೆ.
ಗಡ್ಡೆಯನ್ನು ಪಾತ್ರೆಗೆ ಹಾಕಿ ಗ್ಯಾಸ್ ಹಚ್ಚಿದೆ.
ಮಧ್ಯಾಹ್ನ ಎರಡು ಗಂಟೆ, ತೊಂಬತ್ತೇಳು ಡಿಗ್ರಿ.
ಅವಳಿದ್ದಿದ್ದರೆ ಕೈಗೆ ಬಡಿಯುತ್ತಿದ್ದಳು.
ಕುದಿಯಿತು. ಉಪ್ಪು ಕಮ್ಮಿಯೇ ಇದ್ದಿರಬೇಕು;
ಡಬ್ಬಿ ಬಡಿದು ಬಡಿದು ಉದುರಿಸಿದೆ,
ಅಕ್ಕಿಕಾಳೂ ಸೇರಿ ಬಿತ್ತು,
ಇನ್ನರ್ಧ ಗಂಟೆಗೆ ಅಂಜೂರದ ಬುಡ ಸೇರುವ ಸಾರಿಗೆ.

ಬೀದಿಯಾಚೆ ಸಿಗಡಿಬಲೆಯ ಸಿಕ್ಕು ಬಿಡಿಸುತ್ತಿದ್ದ ಲಿಯೆನ್
ತಲೆಯೆತ್ತಿ ಮೂಗರಳಿಸಿ ಕೂಗಿದಳು:
"ಏಯ್ ಲೂಷಿಯಸ್, ಯಾರದು ಅಡುಗೆ?"

ಸೌಟು ಹಿಡಿದುಕೊಂಡೇ
ಕಿಟಕಿಗೆ ಹೋದೆ.